ಬಾವುಟದ ಮರ

ಜುಲೈ 13, 2025, ಭಾನುವಾರ

ನಮ್ಮ ಸಿದ್ದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾನಂತೆ. ‘ಹನುಮಂತಯ್ಯನವರ ಬಾವುಟ ದಿನ’ ಎಂಬ ಹೆಸರು ತೆಗೆದು ‘ಶ್ರೀರಂಗಯ್ಯನವರ ಬಾವುಟ ದಿನ’ ಎಂದು ಇಡಬೇಕಂತೆ. ತಮ್ಮ ದಯಾನಂದ ಊಟಕ್ಕೆ ಕೂತಾಗ ಹೇಳಿದ. ಮುದ್ದೆ ಮುರಿದವನು ಸಾರಿಗೆ ಅದ್ದುವುದನ್ನೇ ಮರೆತಿದ್ದ. ನಾನು ನಕ್ಕುಬಿಟ್ಟೆ. ಆಮೇಲೆ ಅರ್ಜಿಯ ಜೆರಾಕ್ಸ್ ತರಿಸಿ ಓದಿದೆ. ಎರಡು ಪುಟ, ಒಂದೂ ಕಾಗುಣಿತದ ತಪ್ಪಿಲ್ಲ. ಇರಲು ಹೇಗೆ ಸಾಧ್ಯ? ಹತ್ತನೇ ತರಗತಿಯಲ್ಲಿ ಕಲಿಸಿದವಳು ನಾನು.

ಹಾಜರಿ ಪುಸ್ತಕದಲ್ಲಿ ಸಿದ್ಧಾರ್ಥ. ಹುಡುಗ ಜಾಣ. ಸಮಾಜ ವಿಜ್ಞಾನದಲ್ಲಿ ತೊಂಬತ್ತಾರು ತೆಗೆದಿದ್ದ. ಈಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಪ್ರತಿ ಸೆಪ್ಟೆಂಬರ್ ಎರಡಕ್ಕೆ ನಮ್ಮ ತಾತನ ಫೋಟೋ ಹಾಕಿ ಫ್ಲೆಕ್ಸ್ ಮಾಡಿಕೊಡುತ್ತಿದ್ದವನೂ ಅವನೇ. ಆ ದಿನ ಊರ ಶಾಲೆಗೆ ಸ್ಥಳೀಯ ರಜೆ. ಮಧ್ಯಾಹ್ನದವರೆಗೆ ಅಂಗಡಿಗಳ ಬಾಗಿಲು ತೆಗೆಯುವುದಿಲ್ಲ. ನಲವತ್ತೆರಡರ ಚಳವಳಿಯಲ್ಲಿ ತಾತ ನಮ್ಮ ತೋಟದ ಅಂಚಿನ ತೆಂಗಿನ ಮರ ಹತ್ತಿ ತುದಿಗೆ ಬಾವುಟ ಕಟ್ಟಿದ ದಿನ ಅದು. ಸರ್ಕಾರ ಕೊಟ್ಟ ತಾಮ್ರಪತ್ರ ನಡುಮನೆಯ ಗೋಡೆಯ ಮೇಲಿದೆ. ಶ್ರೀರಂಗಯ್ಯ ಎಂದರೆ ಸಿದ್ದುವಿನ ಮುತ್ತಾತ. ನಮ್ಮ ತೋಟದಲ್ಲಿ ಕಾಯಿ ಕೀಳುತ್ತಿದ್ದವನು.

ಪ್ರಶ್ನೆ ಕೇಳುವುದನ್ನು ಕಲಿಸಿದ್ದೂ ನಾನೇ. ಕೇಳಲಿ, ಚರ್ಚೆ ಆಗಲಿ. ನನಗೆ ಬೇಸರವೇನಿಲ್ಲ.

ಜುಲೈ 15, ಮಂಗಳವಾರ

ಸಿದ್ದು ಬಂದಿದ್ದ. ಜಗಲಿಯ ಕೆಳಗೇ ನಿಂತಿದ್ದವನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ಕಾಫಿಯನ್ನು ನಾವು ಕುಡಿಯುವ ಲೋಟದಲ್ಲೇ ಕೊಟ್ಟೆ. ಆಮೇಲೆ ಅದನ್ನು ನಾನೇ ತೊಳೆದೆ, ಎರಡು ಸಲ. ನನ್ನಲ್ಲಿ ಭೇದಭಾವವಿಲ್ಲ ಎಂಬುದು ಊರಿಗೆಲ್ಲ ಗೊತ್ತು.

“ಮಿಸ್, ಬೇಜಾರ್ ಮಾಡ್ಕಬೇಡಿ,” ಅಂದ. “ನಿಮ್ ತಾತನ್ ಮೇಲೆ ನಂಗೇನೂ ಸಿಟ್ಟಿಲ್ಲ. ಹತ್ತಿದೋರು ಯಾರೋ ಅವ್ರ ಹೆಸ್ರು ಇರ್ಲಿ ಅಂತ ಅಷ್ಟೆ.”

“ಹತ್ತಿದ್ದು ನಮ್ಮ ತಾತನೇ ಕಣೋ.”

“ಒಂದ್ ಕೇಳ್ತೀನಿ ಮಿಸ್. ನಿಮ್ ಮನೇಲಿ ಯಾರಾದ್ರೂ ಯಾವತ್ತಾದ್ರೂ ಮರ ಹತ್ತೌರಾ?”

ಅವನ ಕೈಯ ಲೋಟ ತೆಗೆದುಕೊಂಡೆ. ತೋಟದ ಯಜಮಾನರು ಮರ ಹತ್ತುತ್ತಾರೆಯೇ? ಕೇಳುವ ಮಾತೇ ಅದು?

ಈ ಪುಸ್ತಕಕ್ಕೆ ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಅಜ್ಜಿ ತೀರಿಕೊಂಡ ವರ್ಷ ನನ್ನೊಬ್ಬಳಿಗೇ ಹೇಳಿದ್ದಳು. ಆವತ್ತು ಬಾವುಟವೇ ಇರಲಿಲ್ಲವಂತೆ. ತನ್ನ ಕೆಂಪು ಸೀರೆಯ ಸೆರಗು ಹರಿದು ಕೊಟ್ಟಳಂತೆ. ತಾತ “ನೀ ಹತ್ಲಾ” ಅಂದರಂತೆ, ಶ್ರೀರಂಗಯ್ಯ ಹತ್ತಿದನಂತೆ. ಪೊಲೀಸರು ಅವನನ್ನು ಮರದ ಬುಡದಲ್ಲೇ ಕೆಡವಿ ಮಂಡಿಚಿಪ್ಪು ಒಡೆದರು. ತಾತ ಅಷ್ಟು ಹೊತ್ತಿಗೆ ನಮ್ಮ ಅಟ್ಟ ಸೇರಿದ್ದರು. ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ನೀರು ಬತ್ತಿದ ಕಾಯಿಗೆ ಮೈ ತಾಗಿದರೂ ಸಾಕು, ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಕೆಳಗೆ ಪೊಲೀಸರು ಓಡಾಡುತ್ತಿದ್ದರು. ಮೂರು ದಿನ ತಾತ ಮಗ್ಗುಲು ಬದಲಿಸಲಿಲ್ಲವಂತೆ. ಹೇಳುವಾಗ ಅಜ್ಜಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೆ ನಗು ಬರಲಿಲ್ಲ.

ಸಿದ್ದುವಿಗೆ ಇದನ್ನು ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಅವನು ಎದ್ದ. ನೋಡೋಣ.

ಜುಲೈ 21, ಸೋಮವಾರ

ಬಸ್ ನಿಲ್ಲುವಲ್ಲಿ ಹೊಸ ಫ್ಲೆಕ್ಸ್. ದೊಡ್ಡದೊಂದು ತೆಂಗಿನ ಮರ, ಕೆಳಗೆ ಒಂದೇ ಸಾಲು: ‘ಹತ್ತಿದವರು ಯಾರು?’ ಹೆಸರಿಲ್ಲ, ಊರಿಲ್ಲ. ಸಿದ್ಧಾರ್ಥನ ಅಂಗಡಿಯದೇ ಕೆಲಸ ಎಂಬುದು ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಅಲ್ಲಿ ಪಕ್ಕದ ಬೀದಿಯ ದಾನೇಶ್ವರಿ ನಾಲ್ಕು ಜನರ ಎದುರು ಕೇಳಿದಳು: “ಅಲ್ಲ ನಿರ್ಮಲಕ್ಕ, ಫೋಟೋದಲ್ಲಿ ನಿಮ್ ತಾತ ಅಷ್ಟ್ ದಪ್ಪ ಅವ್ರಲ್ಲ, ಅದೆಂಗ್ ಹತ್ತಿದ್ರು?” ಎಲ್ಲರೂ ನಕ್ಕರು. ಹಿಟ್ಟು ಮೈಮೇಲೆ ಬಿದ್ದಿದೆ ಎಂಬ ನೆಪದಲ್ಲಿ ಸೆರಗು ಕೊಡವುತ್ತಾ ಹೊರಗೆ ಬಂದೆ.

ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ. ನನ್ನ ಮುಖಕ್ಕೆ ಯಾರೂ ಹೀಗೆ ನಕ್ಕಿರಲಿಲ್ಲ.

ಜುಲೈ 27, ಭಾನುವಾರ

ಪಂಚಾಯಿತಿ ಹಾಲಿನಲ್ಲಿ ಮೊದಲ ಸಭೆ. ಅಧ್ಯಕ್ಷ ಬಸವರಾಜಪ್ಪ ಯಾರ ಮನಸ್ಸಿಗೂ ನೋವು ಮಾಡದ ಮನುಷ್ಯ, ಅಂದರೆ ಯಾವ ಕೆಲಸಕ್ಕೂ ಬಾರದವನು. ಬಾವುಟ ದಿನದ ಸಮಿತಿಯಲ್ಲಿ ನಾನೂ ಸೇರಿ ಐದು ಜನ. ಸಾಕ್ಷಿ ಇದ್ದರೆ ತನ್ನಿ ಎಂದು ನಾನೇ ಹೇಳಿ ಕಳಿಸಿದ್ದೆ. ಸಿದ್ಧಾರ್ಥ ತನ್ನ ಅಜ್ಜಿ ಚಿಕ್ಕಗಂಗಮ್ಮನನ್ನು ಕೈಹಿಡಿದು ಕರೆತಂದ. ಶ್ರೀರಂಗಯ್ಯನ ಮಗಳು ಅವಳು, ತೊಂಬತ್ತು ದಾಟಿದೆ. ಆ ದಿನ ಮರದ ಕೆಳಗಿದ್ದವರಲ್ಲಿ ಬದುಕಿರುವುದು ಅವಳೊಬ್ಬಳೇ.

ಅವಳು ಹೇಳಿದಳು, ನಮ್ಮಪ್ಪನೇ ಹತ್ತಿದ್ದು, ನಾನು ಕಂಡೆ, ಅಂತ. ಜನ ತಲೆಯಾಡಿಸಿದರು. ಬಸವರಾಜಪ್ಪನಂತೂ ಕಣ್ಣೊರೆಸಿಕೊಂಡ. ಆಗ ನಾನು ಎದ್ದೆ.

“ಯಾವ ಇಸವಿ ಅಜ್ಜಿ?”

“ಇಸ್ವಿ ಗೊತ್ತಿಲ್ಲ ಕಣವ್ವ. ಅಟ್ಟದ ಕೊಬ್ರಿ ಇಳಿಸಾಕೆ ಇನ್ನೂ ಒಂದ್ ತಿಂಗಳಿತ್ತು. ನಂಗೆ ಮುಂದಿನ್ ಹಲ್ಲು ಬಿದ್ದಿದ್ವು.”

“ಯಾವ ವಾರ?”

“ವಾರ ಯಾರಿಗ್ ಗೊತ್ತವ್ವ.”

“ಹೋಗಲಿ, ಬಾವುಟ ನೋಡಿದ್ಯಲ್ಲ. ಯಾವ ಬಣ್ಣ?”

“ಕೆಂಪು ಕಣವ್ವ. ಬರೀ ಕೆಂಪು.”

ನಾನು ಸಭೆಯ ಕಡೆ ತಿರುಗಿದೆ. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವ ಹಾಗೆ ಮಾತಾಡುತ್ತಿದ್ದೆನಲ್ಲ, ಆ ಗಂಟಲು ಇನ್ನೂ ಇದೆ. “ಬಾವುಟಕ್ಕೆ ಎಷ್ಟು ಬಣ್ಣ?” ಅಂದೆ. “ಮೂರು!” ಅಂತ ಹಾಲಿಗೆ ಹಾಲೇ ಕೂಗಿತು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮುದುಕಿ ಗಾಬರಿಯಾದಳು. “ನಾ ಕಂಡಿದ್ದ ಹೇಳ್ದೆ ಕಣವ್ವ. ಅದು ನಿಮ್ಮಜ್ಜಿ ಸೀರೆ. ಆವಮ್ಮನೇ ಹರ್ದು ಕೊಟ್ಟಿದ್ದು.”

“ನಮ್ಮಜ್ಜಿ ಉಟ್ಟ ಸೀರೆ ಹರಿದು ನಿಮಗೆ ಕೊಟ್ಟಳಾ?” ಅಂದೆ. ಈ ಸಲ ಮುಂದಿನ ಸಾಲಿನವರೂ ನಕ್ಕರು. ಚಿಕ್ಕಗಂಗಮ್ಮ ಕೂರಲು ಹೋದಳು. ಕುರ್ಚಿ ಎಲ್ಲಿದೆ ಎಂದು ತಿಳಿಯಲಿಲ್ಲ ಅವಳಿಗೆ. ಸಿದ್ಧಾರ್ಥ ಹಿಡಿದುಕೊಂಡ.

ಅವಳು ಹೇಳಿದ್ದು ನಿಜವೇ. ಆದರೆ ಸಮಿತಿ ಪ್ರಶ್ನೆ ಕೇಳಿದ್ದು ಅವಳನ್ನು, ನನ್ನನ್ನಲ್ಲ. ಸಾಕ್ಷಿ ನಂಬುವ ಹಾಗಿಲ್ಲ ಎಂದು ಬರೆದುಕೊಂಡು ಸಭೆಯನ್ನು ಆಗಸ್ಟ್ ಹದಿನೇಳಕ್ಕೆ ಮುಂದೂಡಿದರು. ಹೋಗುವಾಗ ಸಿದ್ಧಾರ್ಥ ನನಗೆ ನಮಸ್ಕಾರ ಹೇಳಲಿಲ್ಲ. ಗುರುಗಳಿಗೆ ನಮಸ್ಕಾರ ಮಾಡಬೇಕೆಂಬುದನ್ನು ಎಷ್ಟು ಬೇಗ ಮರೆಯುತ್ತಾರೆ!

ಜುಲೈ 28, ಸೋಮವಾರ

ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ. ಬೆಳಿಗ್ಗೆ ದೋಸೆ ಮೂರು ತಿಂದೆ.

ಆಗಸ್ಟ್ 6, ಬುಧವಾರ

ದಯಾನಂದ ಒಬ್ಬ ಕೃಷಿ ಅಧಿಕಾರಿಯನ್ನು ತೋಟಕ್ಕೆ ಕರೆತಂದಿದ್ದ, ಕಪ್ಪು ಹುಳು ಬಿದ್ದ ಸಸಿಗಳನ್ನು ತೋರಿಸಲು. ಹಿಂತಿರುಗುವಾಗ ಆತ ಬಾವುಟದ ಮರದ ಹತ್ತಿರ ನಿಂತುಬಿಟ್ಟ. ಎರಡಾಳೆತ್ತರದಲ್ಲಿ ಕಾಂಡ ಬಿರಿದು ಕಂದು ರಸ ಸೋರಿ ಒಣಗಿದೆ. ಮಚ್ಚಿನ ಹಿಂಬದಿಯಿಂದ ಬಡಿದ. ಡೊಬಡೊಬ ಎಂದಿತು.

“ಒಳಗೆಲ್ಲ ಟೊಳ್ಳು ಮೇಡಂ. ಯಾರನ್ನೂ ಹತ್ತಿಸಬೇಡಿ. ಕಡಿಸಿಬಿಡಿ.”

ನೂರು ವರ್ಷ ದಾಟಿದ ಮರ. ಇಂಥ ನಿನ್ನೆ ಮೊನ್ನೆಯ ಹುಡುಗರು ಎಷ್ಟು ಜನ ಬಂದು ಬಡಿದು ಹೋದರೋ. ಆತ ಹೋದಮೇಲೆ ದಯಾನಂದನಿಗೆ ಹೇಳಿದೆ, ಈ ಮಾತು ತೋಟ ದಾಟಬಾರದು ಅಂತ. ಮರ ಕಡಿದರೆ ದಿನವೇ ಹೋಯಿತು. ಬಾವುಟವನ್ನು ಶಾಲೆಯ ಕಂಬಕ್ಕೆ ಕಟ್ಟಿದರೆ ತಾತನ ಹೆಸರು ಯಾರಿಗೆ ಬೇಕು?

“ಮತ್ತೆ ರಂಗರಾಜು ಹತ್ತಬೇಕಲ್ಲಕ್ಕ?” ಅಂದ. ಸಿದ್ಧಾರ್ಥನ ಅಪ್ಪ ರಂಗರಾಜು. ಪ್ರತಿ ವರ್ಷ ಬಾವುಟ ಕಟ್ಟುವುದು ಶ್ರೀರಂಗಯ್ಯನ ಮನೆಯವರೇ, ಅದು ಮೊದಲಿಂದ ಬಂದ ರೂಢಿ. ಕಟ್ಟಿ ಇಳಿದವನಿಗೆ ನಮ್ಮ ಮನೆಯಿಂದ ಒಂದು ಪಂಚೆ, ತಾಂಬೂಲ.

“ಹೋದ ವರ್ಷ ಹತ್ತಿಲ್ವಾ?” ಅಂದೆ. ದಯಾನಂದ ಸುಮ್ಮನಾದ. ಅವನು ಸುಮ್ಮನಾಗುವುದರಲ್ಲಿ ಚಿಕ್ಕಂದಿನಿಂದಲೂ ಗಟ್ಟಿ.

ಆಗಸ್ಟ್ 17, ಭಾನುವಾರ

ಎರಡನೇ ಸಭೆ. ಇವತ್ತು ಫ್ಲೆಕ್ಸ್ ಅಂಗಡಿಯವನು ಬಾಯಿ ತೆರೆಯಲಿಲ್ಲ, ಅವನ ಅಪ್ಪನೇ ಎದ್ದು ನಿಂತ. ರಂಗರಾಜು ಐವತ್ತೇಳರ ಆಳು, ಎದೆಯ ಮೇಲೆಲ್ಲ ಮರ ಉಜ್ಜಿ ಕಪ್ಪುಗಟ್ಟಿದ ಚರ್ಮ.

“ಹೆಸ್ರಿನ್ ಮಾತು ಆಮೇಲೆ ಆಗ್ಲಿ ಅಮ್ಮಾವ್ರೇ. ಈ ವರ್ಷ ಆ ಮರ ಹತ್ತಾಕಾಗಲ್ಲ. ಸೋರ್ತೈತೆ.”

ಆ ಮಾತು ತೋಟ ದಾಟಿತೇ ಅನ್ನಿಸಿತು. ಆದರೆ ಮೂವತ್ತನಾಲ್ಕು ವರ್ಷ ಮಕ್ಕಳ ನೆಪಗಳನ್ನು ಕೇಳಿದವಳು ನಾನು.

“ಹೋದ ವರ್ಷ ಸೋರ್ತಿರಲಿಲ್ಲ. ಮಗ ಅರ್ಜಿ ಕೊಟ್ಟ ಮೇಲೆ ಸೋರೋಕೆ ಶುರುವಾಯ್ತಾ ರಂಗರಾಜು?”

ನಗೆ. ಅವನ ಮುಖ ಕಪ್ಪಾಯಿತು. “ಸುಳ್ಳು ಹೇಳೋ ಜನ ಅಲ್ಲ ಅಮ್ಮಾವ್ರೇ ನಾವು.”

“ನಿಮ್ಮ ತಾತ ಪೊಲೀಸರ ಎದುರೇ ಹತ್ತಿದ್ರು ಅಂತೀರ. ನಿನಗೆ ಸ್ವಲ್ಪ ರಸ ಕಂಡ್ರೆ ಭಯ. ಯಾರ ಹೆಸರು ಇಡಬೇಕು ಹೇಳು? ಹತ್ತಿ ಬಾವುಟ ಕಟ್ಟು. ಅದೇ ಸಾಕ್ಷಿ ಅಂತ ಒಪ್ಪಿಕೊಂಡು ಮೊದಲ ಕೈ ನಾನೇ ಎತ್ತುತ್ತೀನಿ. ಈ ಸಭೆ ಎದುರು ಹೇಳ್ತಿದೀನಿ.”

ಆ ಮಾತು ಮೊದಲೇ ಯೋಚಿಸಿದ್ದಲ್ಲ, ಬಾಯಿಗೆ ತಾನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮೆಚ್ಚುಗೆಯಾಯಿತು. ಮಗ ಅಪ್ಪನ ಅಂಗಿ ಜಗ್ಗಿದ. ರಂಗರಾಜು ಆ ಕೈ ಬಿಡಿಸಿಕೊಂಡು “ಮಾತು ಮಾತೇ ಅಲ್ವಾ ಅಮ್ಮಾವ್ರೇ?” ಅಂದ. ಮಾತು ಮಾತೇ ಅಂದೆ. ಬಸವರಾಜಪ್ಪ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದ.

ಆಗಸ್ಟ್ 24, ಭಾನುವಾರ

ಅವನು ಬಂದಿದ್ದ. ಈ ಸಲ ಒಳಗೆ ಕರೆಯಲಿಲ್ಲ. ಜಗಲಿಯ ಕೆಳಗೆ ನಿಂತು ಮಾತಾಡಿದ.

“ಮಿಸ್, ಅರ್ಜಿ ವಾಪಸ್ ತಗೋತೀನಿ.”

ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ, ಕೇಳಿಸದವಳ ಹಾಗೆ ಮತ್ತೊಂದು ಎಲೆಗೆ ಸುಣ್ಣ ಸವರಿದೆ.

“ಬರ್ದು ಕೊಡ್ತೀನಿ. ಹನುಮಂತಯ್ಯನೋರ ಹೆಸ್ರೇ ಇರ್ಲಿ. ಫ್ಲೆಕ್ಸೂ ನಾನೇ ಮಾಡ್ಕೊಡ್ತೀನಿ. ಮರ ಸರಿ ಇಲ್ಲ ಅಂತ ನೀವೊಂದು ಮಾತು ಹೇಳಿ ಸಾಕು. ನಾ ಹೇಳಿದ್ರೆ ಅಪ್ಪ ಕೇಳ್ತಿಲ್ಲ. ‘ಹತ್ತಿದ್ರೆ ನಮ್ ತಾತನ್ ಹೆಸ್ರು ಬತ್ತದೆ ಬುಡ್ಲಾ’ ಅಂತವ್ರೆ. ನಿಮ್ ಮಾತಾದ್ರೆ ಕೇಳ್ತಾರೆ ಮಿಸ್.”

ಕೈ ಮುಗಿದ. ಕಣ್ಣಲ್ಲಿ ನೀರಿತ್ತು. ಮಿಲ್ಲಿನಲ್ಲಿ ನಕ್ಕವರೆಲ್ಲ ಇದನ್ನು ನೋಡಬೇಕಿತ್ತು ಅನ್ನಿಸಿತು.

ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ತಾತನ ಹೆಸರೂ ಉಳಿಯುತ್ತಿತ್ತು. ಅದು ನನಗೆ ಗೊತ್ತಾಗದೆ ಇಲ್ಲ. ಆದರೆ ಮರ ಸರಿ ಇಲ್ಲ ಎಂದು ನಾನು ಹೇಳಿದರೆ, ಹದಿನೇಳನೇ ತಾರೀಕು ರಂಗರಾಜು ಹೇಳಿದ್ದು ನಿಜ ಎಂದಾಗುತ್ತದೆ. ಇಡೀ ಊರಿನ ಎದುರು ನಾನು ನಾಲಿಗೆ ಹೊರಳಿಸಬೇಕು. ಅದೂ ಇವನು ಹೇಳಿದ ಅಂತ.

“ಅರ್ಜಿ ಬರೆಯೋಕೆ ಮುಂಚೆ ಯೋಚನೆ ಮಾಡಬೇಕಿತ್ತು,” ಅಂದೆ. ನಾನು ಎದ್ದು ಒಳಗೆ ಬಂದೆ.

ನೂರು ವರ್ಷ ನಿಂತ ಮರ ಒಂದು ದಿನ ನಿಲ್ಲಲಾರದೇ?

ಸೆಪ್ಟೆಂಬರ್ 2, ಮಂಗಳವಾರ

ಮರ ಮುರಿಯಿತು. ರಂಗರಾಜು ಹೋದ.

ಸೆಪ್ಟೆಂಬರ್ 3, ಬುಧವಾರ

ಬರೆದಿಡಬೇಕು.

ಎಂಟು ಗಂಟೆಗೆ ಊರೆಲ್ಲ ಸೇರಿತ್ತು. ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ರಂಗರಾಜು ಬುಡ ಮುಟ್ಟಿ ಹಣೆಗೊತ್ತಿಕೊಂಡು, ಕಾಲಿಗೆ ಹಗ್ಗ ಹಾಕಿಕೊಂಡು, ಬಾವುಟ ಹೆಗಲಿಗೆ ಸುತ್ತಿ ಹತ್ತಿದ. ಬಿರುಕು ಇರುವಲ್ಲಿ ಒಂದು ಸಲ ನಿಂತು ಕೆಳಗೆ ನೋಡಿದ. ನನ್ನನ್ನೇ ನೋಡಿದ ಎಂದು ದಯಾನಂದ ಅನ್ನುತ್ತಾನೆ. ಅಷ್ಟು ಎತ್ತರದಿಂದ ಯಾರನ್ನು ನೋಡಿದ ಎಂದು ಹೇಗೆ ಹೇಳುವುದು? ನಾನು ಕೈ ಬೀಸಿದೆ. ಹತ್ತು ಎಂದೇ ಬೀಸಿದ್ದು.

ತುದಿ ಮುಟ್ಟಿದ. ಬಾವುಟ ಕಟ್ಟಿಯೂ ಕಟ್ಟಿದ. ಮಕ್ಕಳು ಜೈ ಅಂದರು. ಇಳಿಯಲು ಕಾಲು ಕೆಳಗಿಟ್ಟಾಗ ಮರ ಬಿರುಕಿನಲ್ಲಿ ಲಟಕ್ಕೆಂದು, ಬಾವುಟದ ಸಮೇತ ಬೇಲಿಯಾಚೆ ಬಿತ್ತು. ತಿಪಟೂರು ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಪ್ರಾಣ ಹೋಯಿತಂತೆ. ಅವನ ಹೆಂಡತಿ ಗಂಗಲಕ್ಷ್ಮಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮಕ್ಕಳ ಎದುರು ಹಾಗೆ ಕೂಗಬಾರದಿತ್ತು.

ಕೊಡಬೇಕೆಂದು ತಂದಿದ್ದ ಪಂಚೆ ಚೀಲದಲ್ಲೇ ಉಳಿದಿದೆ.

ಸೆಪ್ಟೆಂಬರ್ 6, ಶನಿವಾರ

ತುರ್ತು ಸಭೆ. ಮಾತು ಕೊಟ್ಟಿದ್ದೆ, ಮೊದಲ ಕೈ ನಾನೇ ಎತ್ತಿದೆ. ಸರ್ವಾನುಮತ. ಮುಂದಿನ ವರ್ಷದಿಂದ ಶ್ರೀರಂಗಯ್ಯನವರ ಬಾವುಟ ದಿನ. ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಮರವಿದ್ದ ಜಾಗದಲ್ಲಿ ನಿಲ್ಲಿಸುವ ಕಲ್ಲಿನ ಮೇಲೆ ಕೆತ್ತುವ ಒಕ್ಕಣೆಯನ್ನೂ ನಾನೇ ಬರೆಯಬೇಕಂತೆ, ಊರಿನಲ್ಲಿ ಒಳ್ಳೆಯ ಕನ್ನಡ ಬರೆಯುವವರು ಇನ್ನಾರಿದ್ದಾರೆ? ಕೊನೆಯ ಸಾಲಿನಲ್ಲಿ ‘ಶ್ರೀ ರಂಗರಾಜು ಅವರು ಸ್ವಇಚ್ಛೆಯಿಂದ ಮರವನ್ನೇರಿ’ ಎಂದು ಸೇರಿಸಿದ್ದೇನೆ. ಶ್ರೀರಂಗಯ್ಯನ ಮನೆಯವರು ಯಾರೂ ಬಂದಿರಲಿಲ್ಲ. ಬೇಡಿದ್ದನ್ನು ಕೊಟ್ಟರೂ ಬಂದು ತೆಗೆದುಕೊಳ್ಳದ ಜನ.

ಪೊಲೀಸಿನವರು ಬಂದಿದ್ದರು. ಮರಕ್ಕೆ ರೋಗ ಇದ್ದದ್ದು ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ದಯಾನಂದ ನನ್ನ ಮುಖ ನೋಡಿದ. ಗೊತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಇಲ್ಲಿಯೂ ಬರೆದಿಡುತ್ತೇನೆ: ಗೊತ್ತಿರಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಅಟ್ಟದ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಕು ಸಾಲದು.

ಹತ್ತು ಗಂಟೆಗೆ ದಯಾನಂದ ಗೇಟಿನಿಂದ ಓಡಿ ಬಂದು, “ಅಕ್ಕ, ಚಿಕ್ಕಗಂಗಮ್ಮ ಕೋಲು ಊರ್ಕೊಂಡು ಬರ್ತಾವಳೆ, ಒಬ್ಳೇ,” ಅಂದ. ನಾನು ಹಿಂದಿನ ಕೋಣೆಗೆ ಹೋಗಬಹುದಿತ್ತು. ಏಣಿ ಎದುರಿಗಿತ್ತು, ಹತ್ತಿದೆ. ಒಕ್ಕಣೆ ತಿದ್ದುತ್ತಿದ್ದ ಈ ಪುಸ್ತಕ ಕೈಯಲ್ಲೇ ಇತ್ತು. ಅರವತ್ತಮೂರು ವರ್ಷಕ್ಕೆ ಪರವಾಗಿಲ್ಲ, ಚೆನ್ನಾಗಿಯೇ ಹತ್ತಿದೆ.

ಕೆಳಗಿನ ಮಾತೆಲ್ಲ ಕೇಳಿಸುತ್ತದೆ.

“ಅವ್ವ ಇಲ್ವೇನಪ್ಪ?”

“ತಿಪಟೂರಿಗೆ ಹೋಗವ್ಳೆ ಕಣಜ್ಜಿ.”

“ಒಂದೇ ಮಾತು ಕೇಳ್ಕೊಂಡು ಓಯ್ತೀನಿ. ಮರ ಸೋರ್ತಿದ್ದದ್ದು ಆವಮ್ಮಂಗೆ ಗೊತ್ತಿತ್ತಾ ಅಂತ.”

ದಯಾನಂದ ಮಾತಾಡಲಿಲ್ಲ. ಸುಮ್ಮನಿರುವುದಕ್ಕೂ ಒಂದು ಹೊತ್ತು ಬೇಡವೇ? ‘ಇಲ್ಲ’ ಅನ್ನಬಾರದಿತ್ತೇ ಪೆದ್ದ! ಸಿಟ್ಟಿನಲ್ಲಿ ನನ್ನ ಮೊಣಕೈ ಒಂದು ಕಾಯಿಗೆ ತಾಗಿತು. ಗಡಗಡ ಎಂದಿತು.

ಆಮೇಲೆ ಮುದುಕಿ ಹೇಳಿದಳು, ನಿಧಾನವಾಗಿ, ದಯಾನಂದನಿಗೆ ಹೇಳಿದಳೋ ಇನ್ನಾರಿಗೆ ಹೇಳಿದಳೋ:

“ಆವತ್ತು ನಮ್ಮಪ್ಪನ್ನ ಹೊತ್ಕೊಂಡ್ ಬಂದು ಇಲ್ಲೇ ಮಲಗ್ಸಿದ್ರು. ನಿಮ್ ತಾತ ತಿಪಟೂರಿಗೆ ಹೋಗವ್ರೆ ಅಂದ್ರು. ಆವಾಗ್ಲೂ ಮೇಲೆ ಗಡಗಡ ಅಂತು. ನಾ ಒಬ್ಳೇ ಕೇಳಿಸ್ಕಂಡಿದ್ದು. ಪೋಲೀಸ್ರು ಪಕ್ಕದಲ್ಲೇ ನಿಂತಿದ್ರು. ನಾ ಹೇಳ್ಲಿಲ್ಲ ಕಣಪ್ಪ.”

ಕೋಲು ನೆಲಕ್ಕೆ ಇಟ್ಟ ಸದ್ದು. ಜಗಲಿಯ ಮೇಲೆ ಕೂತಳು.

“ಬರ್ಲಿ ಬುಡು. ಕಾಯ್ತೀನಿ.”

ಇದು ಅವಳ ಕಟ್ಟುಕಥೆ. ತಾತ ಅಲುಗಾಡಲಿಲ್ಲ ಎಂದು ಅಜ್ಜಿಯೇ ಹೇಳಿದ್ದಾಳೆ.

ಈಗ ಮಧ್ಯಾಹ್ನ. ದಯಾನಂದ ಅವಳನ್ನು ಊಟಕ್ಕೆ ಕರೆದ, ಬೇಡ ಅಂದಳು. ಅವಳು ಎದ್ದಿಲ್ಲ. ನನ್ನ ಎಡಗಾಲು ಜೋಮು ಹಿಡಿದಿದೆ. ಚಾಚಬೇಕು ಅನ್ನಿಸುತ್ತದೆ, ಸುತ್ತಲೂ ಕಾಯಿ ಇವೆ.